ಸಾಕಾದ ಚಿಕ್ಕಮ್ಮ

ನಮ್ಮ ಮನೆಯವರಿಗೆ ಬೀದಿಯವರು ಇಟ್ಟ ಹೆಸರು ಕೆಂಪುಶಾಯಿ. ಮೂವತ್ತೆಂಟು ವರ್ಷ ಪುಸ್ತಕಗಳ ಕರಡು ತಿದ್ದಿದವರು. ಮದುವೆಯ ಕರೆಯೋಲೆ, ಔಷಧಿ ಅಂಗಡಿಯ ಬೋರ್ಡು, ಯಾವುದನ್ನೂ ಬಿಟ್ಟವರಲ್ಲ. ನಾನು ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು ದಾರಿಯುದ್ದಕ್ಕೂ ತಿದ್ದಿ, ಸಾಮಾನು ಮರೆತು ಬರುತ್ತಾರೆ. ಇಂಥವರ ಜೊತೆ ಬಾಳುವುದು ಸುಲಭದ ಮಾತಲ್ಲ.

ಆ ಮಂಗಳವಾರ ಅಂಚೆಯಲ್ಲಿ ಬಂದದ್ದು ನನ್ನ ಅಕ್ಕನ ಮಗಳ ಪುಸ್ತಕದ ಕೊನೆಯ ಕರಡು. ಅಕ್ಕ ತೀರಿಕೊಂಡಾಗ ಅವಳಿಗೆ ಏಳು ವರ್ಷ, ಬೆಳೆದದ್ದು ನಮ್ಮಲ್ಲೇ. ಈಗ ಆಸ್ಪತ್ರೆಯಲ್ಲಿ ನರ್ಸು, ಅಲ್ಲಿ ಕಂಡದ್ದನ್ನೇ ಬರೆದಿದ್ದಳು. ಅರ್ಪಣೆಯ ಪುಟದಲ್ಲಿ 'ಸಾಕಿದ ಚಿಕ್ಕಮ್ಮನಿಗೆ' ಎಂದಿರಬೇಕಾದಲ್ಲಿ 'ಸಾಕಾದ ಚಿಕ್ಕಮ್ಮನಿಗೆ' ಎಂದಿತ್ತು. ಸಂಜೆ ನಾಲ್ಕಕ್ಕೆ ಅಚ್ಚು ಶುರು. ಅಷ್ಟರೊಳಗೆ ತಿದ್ದುಪಡಿ ಮುಟ್ಟದಿದ್ದರೆ ಐನೂರು ಪ್ರತಿಗಳಲ್ಲೂ ನಾನು ಸಾಕಾದವಳೇ.

"ಫೋನ್ ಮಾಡಿ ಹೇಳ್ಬಾರ್ದಾ?" ಎಂದೆ.

"ಫೋನಲ್ಲಿ ಹೇಳಿದ್ರೆ ಪ್ರೆಸ್ಸಿನವರು ಈಗ ತಗೊಳಲ್ಲ ಕಣೇ. ಹೋದ ಸಲ 'ಅಲ್ಲೊಂದು ಗುಡಿಸು ಹಾಕಿ' ಅಂದಿದ್ದಕ್ಕೆ, ಪದ್ಯದ ಮಧ್ಯೆ 'ಗುಡಿಸು' ಅಂತಲೇ ಅಚ್ಚು ಹಾಕಿದ್ರು. ಅವತ್ತಿಂದ ಏನಿದ್ರೂ ಇಮೇಲಲ್ಲೇ ಬರೀಬೇಕಂತೆ."

'ಕ'ವನ್ನು 'ಕಿ' ಮಾಡುವ ತಲೆಯ ಮೇಲಿನ ಸುರುಳಿಗೆ ಗುಡಿಸು ಎನ್ನುತ್ತಾರೆ. ಈಗ 'ಕಾ' ತೆಗೆದು 'ಕಿ' ಮಾಡಲು ಬೇಕಾಗಿದ್ದದ್ದೂ ಅದೇ.

ಹತ್ತು ಗಂಟೆಗೆ ಮೇಲ್ ಕಳಿಸಿದರು. ಹೋದಷ್ಟೇ ಬೇಗ ವಾಪಸ್ಸು ಬಂತು. ಮತ್ತೆ ಕಳಿಸಿದರು, ಮತ್ತೆ ಬಂತು. ಕಂಪ್ಯೂಟರ್ ಆರಿಸಿ ಹಚ್ಚಿದರು. ವೈರು ಕಿತ್ತು, ಊದಿ, ಸಿಕ್ಕಿಸಿದರು. ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಬರೆದಿಟ್ಟ ಚೀಟಿ ಕಳೆದುಕೊಂಡು, ಅದನ್ನು ಹುಡುಕಲು ನನ್ನನ್ನು ಮಂಚದ ಕೆಳಗೆ ತೂರಿಸಿದರು. ಇಂಟರ್ನೆಟ್ಟಿನವರಿಗೆ ಫೋನ್ ಹಚ್ಚಿದರೆ ನಲವತ್ತು ನಿಮಿಷ ಬರೀ ಸಂಗೀತ. ಊಟ ಆರಿ ತಣ್ಣಗಾಯಿತು.

"ವಾಪಸ್ ಬಂದದ್ರಲ್ಲಿ ಏನು ಬರ್ದಿದೆ?"

"ಅದನ್ನ ಓದೋಕಾಗುತ್ತಾ? 'ನಿಮ್ಮ ಸಂದೇಶ ತಲುಪಿಸಲು ಆಗಿಲ್ಲ ಇದೆ' ಅಂತೆ. ಯಾವ ಸೀಮೆ ಕನ್ನಡ ಇದು?"

ವಾಪಸ್ಸು ಬಂದದ್ದು ಆರು. ಆರನ್ನೂ ಮೊದಲ ಸಾಲಿಗೇ ಬಿಟ್ಟಿದ್ದರು, ಮಹಾನುಭಾವರು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಇನ್ನೊಂದು ಸಂಕಟವೂ ಇತ್ತು. ಜಡೆ ಹಾಕುವಾಗ, ಜ್ವರದಲ್ಲಿ ಮಾತ್ರೆ ನುಂಗಿಸುವಾಗ, "ಸಾಕಪ್ಪಾ ಸಾಕು ನಿನ್ನ ಸಹವಾಸ" ಎಂದು ಆ ಹುಡುಗಿಗೆ ದಿನಕ್ಕೆ ಹತ್ತು ಸಲ ಅಂದವಳು ನಾನು. ಇದು ಅಚ್ಚಿನವರ ತಪ್ಪೋ, ಅವಳೇ ಹಾಗೆ ಬರೆದಳೋ? ಅವಳು ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ. ಎತ್ತಿದ್ದರೂ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಮೂರೂವರೆಗೆ ಅವರನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ. ಮೂರನೆಯ ಸಾಲಿನಲ್ಲೇ ಇತ್ತು: ಈ ವಿಳಾಸ ಇಲ್ಲ. ಕರಡಿನ ಜೊತೆ ಬಂದಿದ್ದ ಕಾಗದ ತೆಗೆದು ಒಂದೊಂದೇ ಅಕ್ಷರ ಹೋಲಿಸಿದೆ.

"ಇಲ್ಲಿ 'ಓ' ಇದೆ. ನೀವು 'ಯು' ಹಾಕಿದ್ದೀರಲ್ಲ?"

"ಅವ್ರು ಇಂಗ್ಲಿಷಲ್ಲಿ 'ಮೊದ್ರಣ' ಅಂತ ಬರ್ಕೊಂಡಿದ್ದಾರೆ. ನಾನು 'ಮುದ್ರಣ' ಅಂತ ತಿದ್ದಿದೆ."

"ವಿಳಾಸಾನಾ?"

"ತಪ್ಪು ತಪ್ಪೇ ಅಲ್ವಾ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಈಗ 'ಓ' ಹಾಕ್ತೀರೋ, ಇಲ್ಲ ಐನೂರು ಮನೇಲಿ ನಾನು ಸಾಕಾದವಳಾಗಿ ಕೂರ್ಲೋ?" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಕೂತು, ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ತಿಳಿದೂ ತಿಳಿದೂ ತಪ್ಪು ಬರೆದರು. ಹತ್ತು ನಿಮಿಷ ಬಾಕಿಯಿರುವಾಗ ಉತ್ತರ ಬಂತು: ಸಿಕ್ಕಿತು, ತಿದ್ದಿದ್ದೇವೆ.

ತಿಂಗಳ ಮೇಲೆ ಹುಡುಗಿ ಪುಸ್ತಕ ತಂದಳು. ಅರ್ಪಣೆ ಸರಿಯಾಗಿತ್ತು. ಕೆಳಗೆ ಪೆನ್ನಿನಲ್ಲಿ ಅವಳೇ ಬರೆದಿದ್ದಳು: 'ಸಾಕು ಸಾಕು ಅಂತಲೇ ನನ್ನನ್ನ ಸಾಕಿದೆಯಲ್ಲ, ಚಿಕಮ್ಮ.' ಏಳು ವರ್ಷದವಳಿದ್ದಾಗಲೂ ಅವಳು ಆ 'ಕ್ಕ'ದ ಒತ್ತು ಬಿಟ್ಟೇ ಬರೆಯುತ್ತಿದ್ದಳು.

ಇವರ ಕೈ ಕೆಂಪು ಪೆನ್ನಿಗೆ ಹೋಯಿತು.

"ಮುಟ್ಟಿದ್ರೆ ನೋಡಿ," ಎಂದೆ. ನನ್ನ ಕಣ್ಣೀರು ಬಿದ್ದು ಶಾಯಿ ಕಲಸಿಹೋದೀತೆಂದು ಪುಸ್ತಕವನ್ನು ಅವರ ಕೈಗೇ ಕೊಟ್ಟೆ. ಅವರು ಪೆನ್ನಿನ ಮುಚ್ಚಳ ಹಾಕಿದರು.