ದೊಡ್ಡಮ್ಮನ ಆರು ಸಹಿ

ಆ ಹಣಕಾಸು ಸಲಹೆಗಾರನ ಸುದ್ದಿ ಎತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಮ್ಮ ದೊಡ್ಡಮ್ಮನಿಗೆ ಆಗ ಅವನು ಚಿನ್ನದಂಥ ಹುಡುಗ.

ದೊಡ್ಡಮ್ಮ ಟೈಲರ್. ಮೂವತ್ತೆಂಟು ವರ್ಷ ಮೆಷಿನ್ ತುಳಿದವಳು. ಕಣ್ಣಿನ ಡಾಕ್ಟರು ಇನ್ನು ಹೊಲಿಗೆ ಸಾಕು ಎಂದ ಮೇಲೆ, ಕೂಡಿಟ್ಟ ಆರು ಲಕ್ಷವನ್ನು ಎಲ್ಲಾದರೂ ಇಟ್ಟು, ಬಡ್ಡಿಯಲ್ಲಿ ದಿನ ದೂಡಿ, ಅಂಗಡಿ ಮುಚ್ಚಬೇಕೆಂದಿದ್ದಳು.

ಮೊದಲು ನಾನೇ ಹಣ ಎಲ್ಲಿಡಬೇಕೆಂದು ಸಲಹೆ ಕೊಡುವ ಒಬ್ಬಾಕೆಯ ಬಳಿ ಕರೆದೊಯ್ದೆ. ಆಕೆ ಮುಖ ಗಂಟು ಹಾಕಿಕೊಂಡೇ, “ಫೀಸು ಎರಡು ಸಾವಿರ. ಕಂಪನಿಗಳಿಂದ ಕಮಿಷನ್ ತಗೊಳ್ಳಲ್ಲ” ಎಂದಳು. ಮೆಟ್ಟಿಲಿಳಿಯುತ್ತಲೇ ದೊಡ್ಡಮ್ಮ ಶುರು ಮಾಡಿದಳು: “ಅಬ್ಬಬ್ಬಾ, ಬಾಯಿ ಬಿಟ್ಟರೆ ಎರಡು ಸಾವಿರ! ಅಷ್ಟಕ್ಕೆ ನಾನು ಎಷ್ಟು ಪ್ಯಾಂಟು ಹೊಲೀಬೇಕು ಗೊತ್ತೇನೇ?”

ಚಿನ್ನದ ಹುಡುಗ ಬಿಡಿಕಾಸೂ ಕೇಳಲಿಲ್ಲ. ಅಂಗಡಿಗೇ ಬಂದು ಖಾಲಿ ಫಾರಂ ಹರಡಿ ಆರು ಕಡೆ ಸಹಿ ಹಾಕಿಸಿಕೊಂಡ. “ಉಳಿದಿದ್ದನ್ನ ನಾನೇ ತುಂಬ್ಕೋತೀನಮ್ಮಾ, ನಿಮ್ಮ ಕಣ್ಣಿಗೆ ಯಾಕೆ ತೊಂದ್ರೆ” ಎಂದ. ಏನು ಕಾಳಜಿ, ಥೂ!

ವರ್ಷವಾದರೂ ಬಡ್ಡಿ ಬರಲಿಲ್ಲ. ಬಂದದ್ದು ನೋಟಿಸು: ಎರಡನೇ ಕಂತು ಆರು ಲಕ್ಷ ಕಟ್ಟಿ, ಇಲ್ಲದಿದ್ದರೆ ಮೊದಲು ಕಟ್ಟಿದ್ದೂ ಹೋಯಿತು. ಒಮ್ಮೆ ಇಟ್ಟರೆ ಸಾಕು ಎಂದಿದ್ದ ಠೇವಣಿಯನ್ನು ಆ ಕಳ್ಳ ಹತ್ತು ವರ್ಷದ ವಿಮೆ ಮಾಡಿ, ಕಮಿಷನ್ ನುಂಗಿ ಕೂತಿದ್ದ.

ಅವನ ಆಫೀಸಿಗೆ ನುಗ್ಗಿದೆವು. “ಸಹಿ ನಿಮ್ಮದೇ ತಾನೇ ಅಮ್ಮಾ?” ಎಂದು ಹಲ್ಲು ಕಿರಿದ. ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಾಗದ ಸಿಟ್ಟನ್ನು ಬೀದಿಗೆ ಬಂದು ದೊಡ್ಡಮ್ಮನ ಮೇಲೆ ಕಾರಿದೆ.

“ಖಾಲಿ ಕಾಗದಕ್ಕೆ ಯಾರಾದ್ರೂ ಸಹಿ ಹಾಕ್ತಾರಾ? ಬುದ್ಧಿ ಎಲ್ಲಿಟ್ಟಿದ್ದೆ?”

ಅವಳು ಗೋಡೆ ಹಿಡಿದು ನಿಂತಳು. “ಇಷ್ಟು ವರ್ಷ ಜನ ನನ್ನ ಕೈಗೆ ಬಟ್ಟೆ ಕೊಟ್ಟು ಹೋಗಿದಾರೆ. ಒಬ್ಬರೂ ಚೀಟಿ ಕೇಳಿಲ್ಲ. ಒಂದು ಗೇಣು ಬಟ್ಟೆನೂ ನಾನು ಹೊಡೆದಿಲ್ಲ. ಕಸುಬು ಅಂದ್ರೆ ಎಲ್ಲರದೂ ಹಂಗೇ ಅಂದ್ಕೊಂಡೆ ಕಣೇ.”

ಅವಳ ತೋಳು ಹಿಡಿದು ಮನೆಗೆ ಕರೆತಂದೆ.

ಮರುದಿನ ಅಂಗಡಿ ತೆರೆದಳು. ತೆರೆಯದೆ ಇನ್ನೇನು ಮಾಡಿಯಾಳು? ಇಪ್ಪತ್ತು ವರ್ಷದ ಗಿರಾಕಿ, ಪಕ್ಕದ ಬೀದಿಯ ಟೀಚರು, ಬಟ್ಟೆ ಮೇಜಿನ ಮೇಲಿಟ್ಟು ಹೊರಟರು. ದೊಡ್ಡಮ್ಮ ಕೂಗಿ ಕರೆದಳು. ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಎಷ್ಟು ಮೀಟರು, ಯಾವ ಬಣ್ಣ, ತಾರೀಖು, ಎಲ್ಲ ಬರೆದು ಅವರ ಕೈಗೆ ತುರುಕಿದಳು.

ಟೀಚರು ನಕ್ಕರು. “ಇದೆಲ್ಲ ಯಾಕ್ರೀ? ನಿಮ್ಮ ಮೇಲೆ ನಂಬಿಕೆ ಇಲ್ವಾ ನಮಗೆ?”

“ಇಟ್ಕೊಳ್ಳಿ ಟೀಚರೇ” ಎಂದಳು ದೊಡ್ಡಮ್ಮ. “ಯಾರನ್ನೂ ನಂಬಬೇಡಿ. ನನ್ನನ್ನೂ.”