ಇಂಗಿನ ಡಬ್ಬಿಯ ಹುಳಗಳು

ಕಳೆದ ಭಾನುವಾರ ಸಾರಿನ ಒಗ್ಗರಣೆಗೆಂದು ಹೊಸ ಇಂಗಿನ ಡಬ್ಬಿ ತೆರೆದೆ. ಹಳದಿ ಮುಚ್ಚಳ ಉಗುರಿಗೆ ಸಿಕ್ಕಿ ‘ಟಕ್’ ಎಂದಿತು, ವಾಸನೆ ಬಂತು. ಬೇರೆಯವರಿಗೆ ಅದು ಅಡುಗೆಮನೆಯ ವಾಸನೆ. ನನಗೆ ಮಾತ್ರ ತಣ್ಣನೆಯ ನೀರು, ಪಾಚಿ ಹಿಡಿದ ಕಲ್ಲು, ಒದ್ದೆ ಎಲೆ… ಮತ್ತು ಪರದೇಶದ ಆಶ್‌ಬರ್ನ್ ಊರಿನ ಪಕ್ಕದ ಮನೆಯ ಅಂಕಲ್.

ಅದು 2020ರ ಬೇಸಿಗೆ. ಆಫೀಸು ಮುಚ್ಚಿತ್ತು. ನಾನು ಒಂದು ಟೌನ್‌ಹೌಸಿನ ಕೆಳಮನೆಯಲ್ಲಿ ಬಾಡಿಗೆಗಿದ್ದೆ. ಕಂಪ್ಯೂಟರಿನೊಳಗಿನ ಮುಖಗಳನ್ನು ಬಿಟ್ಟರೆ ಯಾರೊಂದಿಗೂ ಮಾತಿಲ್ಲದ ದಿನಗಳು. ನನಗೆ ಅದು ಕಷ್ಟವೆನಿಸಲಿಲ್ಲ ಎಂಬುದೇ ಸ್ವಲ್ಪ ಭಯ ಹುಟ್ಟಿಸುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯ ಡೆಕ್ಕಿನಿಂದ, ಹಿತ್ತಲ ಮರದ ಜಗಲಿಯಿಂದ, ಯಾರೋ ಕರೆದರು.

“ಸೂಜಿಗೆ ದಾರ ಪೋಣಿಸ್ಲಿಕ್ಕೆ ಬರ್ತದೇನವಾ ನಿನಗ? ನನ್ನ ಕಣ್ಣು ಮಂದ ಆಗ್ಯಾವ.”

ಅದು ಸೂಜಿಯಾಗಿರಲಿಲ್ಲ, ಅಕ್ಕಿಕಾಳಿನಷ್ಟು ಸಣ್ಣ ಗಾಳ. ಅಂಕಲ್ ಧಾರವಾಡದವರು, ಎಂಜಿನಿಯರ್ ಕೆಲಸದಿಂದ ನಿವೃತ್ತರಾದವರು, ವಾರದಲ್ಲಿ ಕೆಲವು ದಿನ ಈರುಳ್ಳಿಯನ್ನೂ ಮುಟ್ಟದ ಸಸ್ಯಾಹಾರಿ ಮನೆಯವರು. ಆದರೂ ಬೆಟ್ಟದ ಹಳ್ಳಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚು. ನಿಜವಾದ ಹುಳ ಬಳಸುತ್ತಿರಲಿಲ್ಲ. ಗಾಳದ ಮೇಲೆ ದಾರ, ಗರಿ ಸುತ್ತಿ ಹುಳದಂತೆ ಕಾಣುವ ಬೊಂಬೆ ಮಾಡುತ್ತಿದ್ದರು. ದಾರ ಆಂಟಿಯ ಬ್ಲೌಸಿನ ದಾರದ ಡಬ್ಬಿಯದು. ಗರಿ ದೇವರಮನೆಯ ಕೃಷ್ಣನ ಪಟಕ್ಕೆ ಸಿಕ್ಕಿಸಿದ್ದ ನವಿಲುಗರಿ. ಮಾಡಿದ ಹುಳಗಳು ಹೋಗಿ ಕೂರುತ್ತಿದ್ದುದು ಖಾಲಿ ಇಂಗಿನ ಡಬ್ಬಿಯಲ್ಲಿ.

“ಇಂಗಿನ ವಾಸನೆಗೆ ಮೀನು ಓಡಿಹೋಗಲ್ವಾ ಅಂಕಲ್?”

“ಓಡಿ ಹೋಗ್ತಾವೋ, ಯಾರದೋ ಮನ್ಯಾಗ ಸಾರು ಕುದೀಲಿಕ್ಕತ್ತದ ಅಂತ ಬರ್ತಾವೋ, ನೋಡೋಣಲ್ಲ.”

ಹಾಗೆ ಹೊರಟೆವು. ಕಾರು ನಾನೇ ಓಡಿಸುತ್ತಿದ್ದೆ. ಎರಡು ತಾಸಿನ ದಾರಿ. ಹಳ್ಳ ಕೆಲವು ಕಡೆ ನಮ್ಮ ಊಟದ ಮೇಜಿನಷ್ಟೂ ಅಗಲವಿರಲಿಲ್ಲ. ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಆದ್ದರಿಂದ ಹರಿವಿನ ಕೆಳಗಡೆಯಿಂದ, ಬೆನ್ನು ಬಗ್ಗಿಸಿ, ನೆರಳು ಬೀಳದಂತೆ ಹೋಗಬೇಕು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈಗೆ ಅದರ ಮೈಮೇಲಿನ ಲೋಳೆ ಅಂಟಿ ಬರುತ್ತದೆ. ನಾನು ಮೊದಲು ಹಿಡಿದದ್ದು ಗೇಣುದ್ದವೂ ಇರಲಿಲ್ಲ. ಪಕ್ಕೆಯಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ನೀಲಿ ಉಂಗುರ. ಅಂಕಲ್ ಅದನ್ನು ನೋಡಿ, “ಬಂದ್ಯಾ? ಹೋಗಿನ್ನ” ಎಂದು ನೀರಿಗೆ ಬಿಟ್ಟರು. ಎಸೆದ ಹುಳ ಎಷ್ಟೋ ಸಲ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಅವರು ಬೇಸರಿಸದೆ ದಾರ ಕತ್ತರಿಸುತ್ತಿದ್ದರು. “ಗಿಡದ ಪಾಲು ಗಿಡಕ್ಕ.”

ಆಂಟಿ ನನ್ನನ್ನೇ ಪಂಚಾಯ್ತಿಗೆ ಕೂರಿಸುತ್ತಿದ್ದರು. “ತಿನ್ನೂದಿಲ್ಲ, ಮಾರೂದಿಲ್ಲ. ಹಿಡಿದು ಅದರ ಮುಖ ನೋಡಿ ಬಿಟ್ಟು ಬರ್ತಾರ. ಇದಕ್ಕ ಅಷ್ಟು ದೂರ ಹೋಗಬೇಕೇನವಾ? ಇಲ್ಲಿ ನನ್ನ ಕೃಷ್ಣನ ಗರಿ ಬೋಳಾಗ್ಲಿಕ್ಕತ್ತದ.”

“ಭೆಟ್ಟಿ ಆಗಿ ಬರ್ತೀವಿ,” ಎನ್ನುತ್ತಿದ್ದರು ಅಂಕಲ್.

ಎರಡನೆಯ ವರ್ಷ ನನಗೆ ತಿಳಿಯಿತು, ಮಂದವಾಗಿದ್ದದ್ದು ಕಣ್ಣಲ್ಲ. ಅವರ ಕೈಯಲ್ಲಿದ್ದ ದಾರ ಗಾಳದ ಕಣ್ಣಿನ ಸುತ್ತ ನಡುಗುತ್ತ ಸುತ್ತುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. “ಆಕಿಗೆ ಹೇಳಬ್ಯಾಡ. ಹೇಳಿದಿ ಅಂದ್ರ ಹಳ್ಳ ಬಂದ್.” ನಾನು ಹೂಂ ಎಂದೆ. ಗುಟ್ಟು ಇಟ್ಟುಕೊಳ್ಳುವುದು ನನಗೆ ಸುಲಭ, ನನ್ನವನ್ನೇ ಎಷ್ಟೋ ಇಟ್ಟುಕೊಂಡಿದ್ದೇನೆ. ಅಂದಿನಿಂದ ದಾರ ಪೋಣಿಸುವುದು, ಗಂಟು ಹಾಕುವುದು ನನ್ನ ಕೆಲಸವಾಯಿತು. ಆಂಟಿ ಕೇಳಿದಾಗಲೆಲ್ಲ, “ಅಂಕಲ್ ಆರಾಮಾಗಿದ್ದಾರೆ ಆಂಟಿ” ಎನ್ನುತ್ತಿದ್ದೆ.

ಹಳ್ಳದ ಮೇಲ್ಗಡೆ, ತಿರುವಿನಲ್ಲಿ ಒಂದು ಮಡು. ಅಲ್ಲೊಂದು ದೊಡ್ಡ ಮೀನಿತ್ತು. ಮೂರು ವರ್ಷವೂ ಅಂಕಲ್ ಎಸೆದ ಹುಳದ ಕೆಳಗೆ ಬಂದು, ನೋಡಿ, ತಿರುಗಿ ಹೋಗುತ್ತಿತ್ತು. ಮೂರನೆಯ ವಸಂತದಲ್ಲಿ ಅದಕ್ಕಾಗಿಯೇ ಆಚೆ ದಡಕ್ಕೆ ದಾಟುವಾಗ ಅವರ ಕಾಲು ಜಾರಿತು. ನೀರು ಸೊಂಟದವರೆಗೂ ಇರಲಿಲ್ಲ. ಆದರೆ ಅವರ ಕೈಗೆ ಕಲ್ಲು ಹಿಡಿಯಲು ಆಗುತ್ತಿರಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಳೆದೆ. ಅವರ ತಲೆಗೂ ಒಂದು ಚಪ್ಪಟೆ ಬಂಡೆಗೂ ನಡುವೆ ನನ್ನ ಅಂಗೈಯಷ್ಟೇ ಜಾಗ ಉಳಿದಿತ್ತು.

“ಇವತ್ತ ಮೀನೇ ನನ್ನ ಹಿಡೀತು ನೋಡು,” ಎಂದು ನಕ್ಕರು. ತುಟಿ ನೀಲಿಯಾಗಿತ್ತು.

ಕಾರಿನಲ್ಲಿ ಹೀಟರ್ ಹಾಕಿ ಬಹಳ ಹೊತ್ತು ಕೂತೆವು. “ಕಲ್ಲು ಜಾರ್ತು. ಅಷ್ಟ. ಹೌದಲ್ಲ?” ಎಂದರು. ನಾನು ಹೂಂ ಎಂದೆ. ದಾರಿಯುದ್ದಕ್ಕೂ ಆ ಬಂಡೆ ಕಣ್ಣ ಮುಂದೆಯೇ ಇತ್ತು.

ಬಾಗಿಲು ತೆರೆದ ಆಂಟಿ ಅವರನ್ನು ಕೇಳಲಿಲ್ಲ, ನನ್ನನ್ನು ನೋಡಿದರು. “ಏನಾತವಾ?”

ಎಲ್ಲ ಹೇಳಿಬಿಟ್ಟೆ. ಬಂಡೆಯನ್ನಷ್ಟೇ ಅಲ್ಲ, ದಾರ ಪೋಣಿಸಿದ್ದರಿಂದ ಹಿಡಿದು ಎಲ್ಲವನ್ನೂ. ಅಂಕಲ್ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚತೊಡಗಿದರು. ಬಿಚ್ಚಲು ಬರಲಿಲ್ಲ. ಆಂಟಿ ನೆಲಕ್ಕೆ ಕೂತು ಎರಡೂ ಶೂ ಬಿಚ್ಚಿದರು.

ಆಮೇಲೆ ಆಸ್ಪತ್ರೆ, ಪರೀಕ್ಷೆ, ಕಾಯಿಲೆಗೊಂದು ಹೆಸರು. ಬೇರೆ ರಾಜ್ಯದ ಬ್ಯಾಲಂಟೈನ್‌ನಿಂದ ಅವರ ಮಗಳು ಬಂದಳು. ದೀಪಾವಳಿಯ ಹೊತ್ತಿಗೆ ಮನೆ ಮಾರಿ ಅವಳ ಬಳಿಗೆ ಹೊರಟರು. ಅಂಕಲ್ ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ಆದರೆ ಡೆಕ್ಕಿನಿಂದ ಕರೆಯುವುದನ್ನು ಬಿಟ್ಟಿದ್ದರು… ಹೊರಡುವ ದಿನ ಇಂಗಿನ ಡಬ್ಬಿಯನ್ನು ನನ್ನ ಕೈಗಿಟ್ಟರು. ಒಳಗೆ ಮೂರು ಹುಳಗಳಿದ್ದವು.

“ಆ ಮಡುವಿನ್ಯಾಗ ಒಬ್ಬಾಕಿ ಇದ್ದಾಳಲ್ಲ, ಆಕಿಗೂ ಹೇಳಿಬಿಡು, ನಾ ಬರೂದಿಲ್ಲಂತ. ಹೇಳೂದು ನಿನಗ ಹ್ಯಾಂಗೂ ಬರ್ತದ.”

ನಗುತ್ತಲೇ ಹೇಳಿದರು. ಆ ಕೊನೆಯ ಮಾತು ತಮಾಷೆಯೋ ಅಲ್ಲವೋ ಎಂದು ನಾನು ಅಂದು ಕೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಆಂಟಿಯ ಫೋನ್ ಬಂತು. “ಹೋದ್ರವಾ,” ಎಂದರು. ಆಗಲೂ ಕೇಳಲಿಲ್ಲ. ಯಾರನ್ನು ಕೇಳುವುದು?

ನಿನ್ನೆ ಒಬ್ಬಳೇ ಹಳ್ಳಕ್ಕೆ ಹೋದೆ. ಎರಡು ಹುಳ ಈ ವರ್ಷಗಳಲ್ಲಿ ಮರಗಳ ಪಾಲಾಗಿದ್ದವು. ಉಳಿದದ್ದು ಒಂದು. ಬಹುಶಃ ಕಡೆಯಲ್ಲಿ ಕಟ್ಟಿದ್ದು, ದಾರ ಸಡಿಲವಾಗಿ ಗರಿ ಒಂದು ಬದಿಗೆ ವಾಲಿತ್ತು. ಪೋಣಿಸಿ, ಗಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಬಿಗಿದೆ. ಬೆನ್ನು ಬಗ್ಗಿಸಿ, ಮಡುವಿನಿಂದ ಹರಿವಿನ ಕೆಳಗಡೆ ನಿಂತು ಎಸೆದೆ. ಹುಳ ನೀರು ಮುಟ್ಟಲೇ ಇಲ್ಲ. ಮಡುವಿನ ಮೇಲೆ ಬಾಗಿದ ಕೊಂಬೆಗೆ ಸಿಕ್ಕಿಕೊಂಡಿತು.

ಅದನ್ನು ಬಿಡಿಸಲು ಮಡುವಿನೊಳಗೆ ಇಳಿಯಬೇಕಿತ್ತು. ತಳದಲ್ಲೊಂದು ನೆರಳು ಕಂಡಿತು. ಅದೇ ಮೀನೋ, ಅದರ ಜಾಗಕ್ಕೆ ಬಂದ ಇನ್ನೊಂದೋ. ಇಳಿದರೆ ಓಡಿಹೋಗುತ್ತಿತ್ತು. ದಾರ ಕತ್ತರಿಸಿದೆ.

“ಅಂಕಲ್ ಬರಲ್ಲ ಇನ್ನು,” ಎಂದೆ. ಆ ಕಾಡಿನಲ್ಲಿ ನನ್ನ ದನಿ ನನಗೇ ಜೋರೆನಿಸಿತು. ನೆರಳು ಕದಲಲಿಲ್ಲ. ಮನೆಗೆ ಬಂದು ಅಂಕಲ್ ಕೊಟ್ಟ ಡಬ್ಬಿ ತೆರೆದೆ. ಖಾಲಿಯಾಗಿತ್ತು. ವಾಸನೆ ಮಾತ್ರ ಹಾಗೇ ಇದೆ…