ದೀಪದ ಬಗ್ಗೆ ಎರಡು ಹೇಳಿಕೆ

ಭೂಸನೂರ ರಸ್ತೆಯಲ್ಲಿ, ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಬೈಕು ಬಡಿದು ಕಿಣ್ಣಿ ಸುಲ್ತಾನದ ಯುವಕನೊಬ್ಬ ಸತ್ತದ್ದನ್ನು ಕಂಡವನು ನಾನೊಬ್ಬನೇ. ಕುಡಿದು ಬಡಿದ ಎಂದು ಟ್ರ್ಯಾಕ್ಟರ್ ಮಾಲೀಕ ಹೇಳುತ್ತಿದ್ದ. ಯುವಕನ ಹೆಂಡತಿಯ ಕೇಸು ನನ್ನ ಮಾತಿನ ಮೇಲೆ ನಿಂತಿತ್ತು. ‘ಟ್ರೇಲರಿಗೆ ಹಿಂದೆ ಕೆಂಪು ದೀಪ ಇರಲಿಲ್ಲ’ ಎಂದು ಕಂಪ್ಯೂಟರಿನಲ್ಲಿ ಬರೆದು, ಪಾಸ್‌ವರ್ಡ್ ಹಾಕಿದ ಹೊರತು ತೆರೆಯದ ಫೋಲ್ಡರಿನಲ್ಲಿ ಇಟ್ಟಿದ್ದೆ. ಅದರಲ್ಲಿಟ್ಟದ್ದು ಕ್ಲೌಡಿಗೆ ಹೋಗಿ ಫೋನಿಗೂ ಬರುವಂತೆ, ಫೋನಿನದು ಅದಕ್ಕೂ ಸೇರುವಂತೆ ಆಳಂದದ ಮೊಬೈಲ್ ಅಂಗಡಿಯವನು ಹಿಂದೆಯೇ ಹೊಂದಿಸಿಕೊಟ್ಟಿದ್ದ.

ಸಾಕ್ಷಿ ಹೇಳುವ ದಿನ ಹತ್ತಿರವಾದಾಗ ಜೇವರ್ಗಿಯ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಫೋನಿನಲ್ಲಿ ಫೋಲ್ಡರ್ ತೆರೆದರೆ ಅದೇ ಹೆಸರಿನ ಇನ್ನೊಂದು ಕಡತವಿತ್ತು. ‘ಹಿಂದೆ ಕಬ್ಬು ನೆಲದ ತನಕ ಜೋತಿತ್ತು. ಅದರ ಮರೆಗೆ ದೀಪ ಇತ್ತೋ ಇಲ್ಲವೋ ಕಾಣಲಿಲ್ಲ.’

ಯಾರೋ ಒಳಗೆ ಬಂದು ನನ್ನ ಸಾಕ್ಷಿಯನ್ನು ತಿದ್ದಿದ್ದಾರೆ. ಮೊದಲು ನೆನಪಾದದ್ದು ಅಂಗಡಿಯವನು. ಟ್ರ್ಯಾಕ್ಟರ್ ಮಾಲೀಕ ಅವನ ಸೋದರಮಾವ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ, ತಂಗಿಯ ಮನೆಯಲ್ಲಿ ಕಂಡದ್ದನ್ನು ಹೇಳಿ ಕೇಳಿದೆ.

“ಮಾವಗ ನಂಗ ಎರಡು ವರ್ಷದಿಂದ ಮಾತಿಲ್ರಿ ಮಾಸ್ತರ್ರ,” ಎಂದ. “ಪಾಸ್‌ವರ್ಡ್ ಹಾಕುಮುಂದ ನಾ ಗ್ವಾಡಿ ಕಡಿ ಮುಖ ಮಾಡಿ ನಿಂತಿದ್ದೆ. ನನ್ನ ಮ್ಯಾಲೆ ಶಕ್ ಏನ್ರಿ?”

ನಾನು ಆ ಕಡತ ತೆರೆದು ನನ್ನ ಫೋನನ್ನು ಅವನ ಮುಂದಿಟ್ಟೆ. ಅವನು ಫೋನನ್ನು ನನ್ನ ಕಡೆ ತಿರುಗಿಸಿದ.

“ಇದು ಇದೇ ಫೋನ್‌ನಾಗ ಬರದದ್ರಿ. ಆಕ್ಸಿಡೆಂಟ್ ಆದ ದಿನಾನ, ಸಂಜಿ ಏಳಕ್ಕ. ನೆಟ್ ಪ್ಯಾಕ್ ಉಳಿಲಿ, ವೈಫೈ ಇದ್ರಷ್ಟ ಕಳಸಂಗ ಮಾಡು ಅಂದವ್ರು ನೀವ. ನಿಮ್ಮ ಮನ್ಯಾಗ ಕಂಪ್ಯೂಟರ್‌ಗೆ ವಾಯರ್ ಅದ, ವೈಫೈ ಇಲ್ಲ. ಅಲ್ಲಿತನಕ ಇದು ಫೋನ್‌ನಾಗ ಕುಂತಿತ್ತು. ತಂಗಿ ಮನ್ಯಾಗ ವೈಫೈ ಸಿಕ್ತು, ಫೋಲ್ಡರಿಗೆ ಹೋತು. ಕಳ್ಳನ್ನ ಕಿಸೆದಾಗ ಇಟ್ಕೊಂಡು ನನ್ನ ಹಿಡ್ಯಾಕ ಬಂದೀರಲ್ರಿ!”

ಆ ಸಂಜೆ ರಸ್ತೆ ಬದಿಯಲ್ಲೇ ಕೂತು ಬರೆದದ್ದು ಅಲ್ಲಿಯವರೆಗೆ ನನಗೆ ನೆನಪಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದು ಹನ್ನೆರಡು ದಿನಗಳ ನಂತರ. ಅಷ್ಟರೊಳಗೆ ಚಹದಂಗಡಿಯಲ್ಲಿ ಎಲ್ಲರೂ ದೀಪ ಇರಲಿಲ್ಲ ಎನ್ನುತ್ತಿದ್ದರು. ನಾನೂ ಅದನ್ನು ಕಂಡವನಂತೆ ಹೇಳತೊಡಗಿದ್ದೆ. ನನ್ನ ಸಾಕ್ಷಿಯ ಒಳಗೆ ಬಂದವರು ಹೀಗೆ ಬಂದಿದ್ದರು.

ಸಂಜೆ ಕಿಣ್ಣಿ ಸುಲ್ತಾನಕ್ಕೆ ಹೋಗಿ ಸತ್ತವನ ಹೆಂಡತಿಗೆ ಎರಡು ಹೇಳಿಕೆಗಳನ್ನೂ ಓದಿ ಹೇಳಿದೆ.

“ಹಂಗಾದ್ರ ದೀಪ ಇತ್ತೇನ್ರಿ ಅಣ್ಣಾರ?”

“ಗೊತ್ತಿಲ್ಲವ್ವ. ಗೊತ್ತದ ಅಂತ ಇನ್ನ ಹೇಳಂಗಿಲ್ಲ.”

ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು. ನನ್ನನ್ನು ಯಾರಾದರೂ ಕೊಂಡುಕೊಂಡಿದ್ದಾರೆಯೇ ಎಂದು ಅಳೆಯುತ್ತಿದ್ದಳೆಂದು ಕಾಣುತ್ತದೆ.

“ಕಬ್ಬು ಜೋತಿದ್ದು ಖರೇನ ಕಂಡೀರಿ?”

“ಕಂಡೇನಿ.”

“ಅಷ್ಟ ಹೇಳ್ರಿ,” ಎಂದಳು. ಚಹಾ ಕೊಡಲಿಲ್ಲ.